ಮುಡಿಯಿಂದ ಅಡಿಯವರೆಗೆ: ಗಾಯಾಳುವಿನ ಮೈಯನ್ನು ಪರೀಕ್ಷಿಸುವ ಕ್ರಮ

ಮಳೆ ಕೊಂಚ ಹೊಳವಾದದ್ದು ನೋಡಿ, ಕೊಳೆ ಔಷಧಿ ಹೊಡೆಯಲು ಅಡಕೆ ಮರ ಹತ್ತಿದ ಆಳೊಬ್ಬ ಜಾರಿ ಬಿದ್ದ ಎಂದಿಟ್ಟುಕೊಳ್ಳಿ. ಮೂವತ್ತು ಅಡಿ ಎತ್ತರದಿಂದ ಬಿದ್ದಿದ್ದಾನೆ. ಬಲಗಾಲಿನಲ್ಲಿ ಮೊಣಕಾಲ ಕೆಳಗೆ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿದೆ. ಜೀಪಿನಲ್ಲಿ ಹಾಕಿಕೊಂಡು ತಂದವರು, ಸ್ಟ್ರೆಚರ್ ತಳ್ಳುವವರು, ಕ್ಯಾಶುಯಾಲ್ಟಿಯ ಬಾಗಿಲಲ್ಲಿ ತಮ್ಮ ಪಾಡಿಗೆ ನಿಂತವರು, ಎಲ್ಲರ ಕಣ್ಣೂ ಆ ಕಾಲಿನ ಮೇಲೆ. ಡ್ಯೂಟಿ ಡಾಕ್ಟರು ಮಾತ್ರ ಗಾಯದ ಮೇಲೆ ಬಟ್ಟೆಯಿಟ್ಟು ಒತ್ತಿ ಹಿಡಿಯುವಂತೆ ಸಿಸ್ಟರ್‌ಗೆ ಹೇಳಿ, ತಾವು ತಲೆಯ ಕಡೆಗೆ ಹೋಗುತ್ತಾರೆ. ಹೆಸರು ಕೇಳುತ್ತಾರೆ. ಕತ್ತು ಅಲ್ಲಾಡದಂತೆ ಹಿಡಿಯುತ್ತಾರೆ. ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಅಂಗಿ ಚಡ್ಡಿಗಳನ್ನು ಕತ್ತರಿಯಿಂದ ಸೀಳುತ್ತಾರೆ. ‘ಕಾಲು ನೋಡಿ ಸಾರ್, ಕಾಲು’ ಎಂದು ಬಂದವರು ಗೋಗರೆಯುತ್ತಲೇ ಇರುತ್ತಾರೆ.

ಹೊರಗೆ ನಿಂತ ಮನೆಯವರಿಗೆ ಇದೆಲ್ಲ ಹೊತ್ತು ಕಳೆದಂತೆ ಕಾಣುವುದು ಸಹಜ. ಆದರೆ ಒತ್ತಿ ಹಿಡಿದು ರಕ್ತ ನಿಲ್ಲಿಸಿದ ಮೇಲೆ, ಆ ಮೊದಲ ಗಂಟೆಯಲ್ಲಿ ಅವನ ಜೀವ ಹೋಗುವುದಿದ್ದರೆ ಅದು ಕಾಲಿನಿಂದಲ್ಲ. ಗಂಟಲು ಕಟ್ಟಿ ಹೋಗಬಹುದು, ಶ್ವಾಸಕೋಶದ ಸುತ್ತ ಗಾಳಿ ತುಂಬಿ ಹೋಗಬಹುದು, ಹೊಟ್ಟೆಯೊಳಗೆ ರಕ್ತ ಸೋರಿ ಹೋಗಬಹುದು, ಮೆದುಳು ಊದಿಕೊಂಡು ಹೋಗಬಹುದು. ಇವು ಯಾವುವೂ ಕೂಗಿ ಕರೆಯುವುದಿಲ್ಲ. ಕಾಲಿನ ನೋವು ನೋಡುವವರನ್ನಷ್ಟೇ ಅಲ್ಲ, ಗಾಯಾಳುವನ್ನೇ ಮೋಸಗೊಳಿಸುತ್ತದೆ. ಕತ್ತಿನ ಮೂಳೆ ಬಿರುಕು ಬಿಟ್ಟಿದ್ದರೂ ‘ಕತ್ತೇನೂ ನೋಯ್ತಿಲ್ಲ’ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಬಲ್ಲ. ಒಂದು ಕಡೆ ಅಂಥ ದೊಡ್ಡ ನೋವಿರುವಾಗ ಮೈಯ ಬೇರೆಡೆ ನೋವಿಲ್ಲವೆಂಬ ಅವನ ಮಾತನ್ನು ವೈದ್ಯರು ನಂಬುವಂತಿಲ್ಲ. ಮುಡಿಯಿಂದ ಅಡಿಯವರೆಗೆ ಒಂದಿಂಚೂ ಬಿಡದೆ ಪರೀಕ್ಷಿಸುವ ಕ್ರಮ ಹುಟ್ಟಿದ್ದು ಈ ಮೋಸವನ್ನು ಮೀರುವುದಕ್ಕೆ.

ಈ ಕ್ರಮಕ್ಕೆ ಇಂದಿನ ಬಿಗಿ ಬಂದದ್ದರ ಹಿಂದೆ ಒಂದು ದುರಂತವಿದೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಜೇಮ್ಸ್ ಸ್ಟೈನರ್ ತಾವೇ ಓಡಿಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕಾದ ಹೊಲವೊಂದಕ್ಕೆ ಅಪ್ಪಳಿಸಿತು. ಪತ್ನಿ ತೀರಿಕೊಂಡರು. ನಾಲ್ವರು ಮಕ್ಕಳಲ್ಲಿ ಮೂವರ ಸ್ಥಿತಿ ಗಂಭೀರವಾಗಿತ್ತು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳಿಗೆ ಸಿಕ್ಕ ಆರೈಕೆಯನ್ನು ಕಂಡ ಸ್ಟೈನರ್‌ಗೆ, ಅಲ್ಲಿನವರಿಗೆ ಮನಸ್ಸಿದ್ದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ತರಬೇತಿ ಇಲ್ಲವೆಂದು ಮನವರಿಕೆಯಾಯಿತು. ಅವರೂ ಸಹೋದ್ಯೋಗಿಗಳೂ ಸೇರಿ ರೂಪಿಸಿದ ಮೊದಲ ತರಬೇತಿ 1978ರಲ್ಲಿ ನೆಬ್ರಾಸ್ಕಾದ ಆಬರ್ನ್ ಎಂಬ ಊರಿನಲ್ಲಿ ನಡೆಯಿತು. 1980ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಎಟಿಎಲ್‌ಎಸ್ ಎಂದು ಹೆಸರಾದ ಆ ಪಾಠವನ್ನೇ ಇಂದು ನಮ್ಮ ದೇಶದ ವೈದ್ಯರೂ ಕಲಿಯುತ್ತಾರೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇಂಥ ದೇಶದಲ್ಲಿ ಈ ಪಾಠ ದೊಡ್ಡ ಊರಿನ ಆಸ್ಪತ್ರೆಗಳಲ್ಲೇ ಉಳಿಯಬಾರದು. ತಾಲ್ಲೂಕು ಆಸ್ಪತ್ರೆಯ ಪ್ರತಿ ರಾತ್ರಿ ಪಾಳಿಯವರಿಗೂ ಅದು ಬಾಯಿಪಾಠವಾಗಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲ ಸುತ್ತು

ತಲೆಯಿಂದ ಕಾಲಿನವರೆಗಿನ ವಿವರವಾದ ಪರೀಕ್ಷೆ ಎರಡನೇ ಸುತ್ತಿನದು. ಅದಕ್ಕೆ ಮೊದಲು ಕೆಲವೇ ನಿಮಿಷಗಳಲ್ಲಿ ಮುಗಿಯುವ ಇನ್ನೊಂದು ಸುತ್ತಿದೆ. ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳ ಸಾಲಿನಲ್ಲಿ ಅದನ್ನು ನೆನಪಿಡುತ್ತಾರೆ: ಉಸಿರಿನ ದಾರಿ, ಉಸಿರಾಟ, ರಕ್ತಸಂಚಾರ, ಮೆದುಳು ಮತ್ತು ನರಗಳು, ಕೊನೆಗೆ ಬಟ್ಟೆ ತೆಗೆದು ಇಡೀ ಮೈ ನೋಡುವುದು. ಈಚೆಗೆ ಇದರ ಮುಂದೆ ಎಕ್ಸ್ ಎಂಬ ಅಕ್ಷರ ಸೇರಿದೆ. ಜೀವ ತೆಗೆಯುವಷ್ಟು ರಕ್ತ ಹೊರಗೆ ಹರಿಯುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ನಿಲ್ಲಿಸಬೇಕು ಎಂಬುದು ಅದರ ಅರ್ಥ. ಸಿಸ್ಟರ್ ಮಾಡಿದ್ದು ಅದನ್ನೇ. ಇಲ್ಲಿ ಪತ್ತೆ ಹಚ್ಚುವುದೂ ಚಿಕಿತ್ಸೆಯೂ ಬೇರೆಬೇರೆಯಲ್ಲ. ಗಂಟಲಲ್ಲಿ ರಕ್ತ ತುಂಬಿದ್ದರೆ ಹೀರಿ ತೆಗೆದೇ ಮುಂದಿನ ಅಕ್ಷರಕ್ಕೆ ಹೋಗುವುದು.

ಹೆಸರು ಕೇಳುವುದು ಉಪಚಾರದ ಮಾತಲ್ಲ. ಗಾಯಾಳು ಸ್ಪಷ್ಟವಾಗಿ ಹೆಸರು ಹೇಳಿ, ಏನಾಯಿತೆಂದು ಒಂದು ವಾಕ್ಯದಲ್ಲಿ ತಿಳಿಸಿದರೆ ಮೂರು ವಿಷಯ ಒಟ್ಟಿಗೆ ಗೊತ್ತಾಗುತ್ತವೆ: ಉಸಿರಿನ ದಾರಿ ತೆರೆದಿದೆ, ಮಾತಾಡುವಷ್ಟು ಉಸಿರಿದೆ, ಮೆದುಳಿಗೆ ರಕ್ತ ಹೋಗುತ್ತಿದೆ.

ರಕ್ತಸಂಚಾರದ ಹಂತದಲ್ಲಿ ಬಿಪಿ ಸರಿಯಿದೆ ಎಂದು ಸಮಾಧಾನಪಟ್ಟರೆ ಮೋಸಹೋದಂತೆ. ಎಪ್ಪತ್ತು ಕಿಲೋ ತೂಕದವರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತ ಯುವಕರಲ್ಲಿ ಅದರ ಶೇ. 30ರಷ್ಟು, ಅಂದರೆ ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ಇಳಿಯದೇ ಇರಬಹುದು. ನಾಡಿಯ ವೇಗ, ಬೆವೆತ ತಣ್ಣನೆಯ ಕೈ, ಉಗುರು ಒತ್ತಿ ಬಿಟ್ಟಾಗ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು, ಸುಮ್ಮನೆ ಕಾಣುವ ಚಡಪಡಿಕೆ, ಇವು ಬಿಪಿಗಿಂತ ಮೊದಲೇ ಸುಳಿವು ಕೊಡುತ್ತವೆ. ಹೊರಗೆ ಹರಿಯದ ರಕ್ತ ಎಲ್ಲಿ ಸೇರುತ್ತದೆ ಎಂದು ಹುಡುಕಲು ಜಾಗಗಳು ನಾಲ್ಕೇ: ಎದೆ, ಹೊಟ್ಟೆ (ಅದರ ಹಿಂಬದಿಯೂ ಸೇರಿ), ಸೊಂಟದ ಗೂಡು, ತೊಡೆ. ರಕ್ತಸ್ರಾವದ ಸಂಶಯವಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಕೊಡುತ್ತಾರೆ. ಭಾರತವೂ ಸೇರಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಷ್-2 ಅಧ್ಯಯನ, ಅದರಿಂದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೆ ಗಾಯವಾದ ಮೂರು ಗಂಟೆಯೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ಉಪಯೋಗವಿಲ್ಲ, ಹಾನಿಯೂ ಆಗಬಹುದು. ಎಷ್ಟು ಗಂಟೆಗೆ ಬಿದ್ದ ಎಂದು ತಂದವರನ್ನು ಮತ್ತೆಮತ್ತೆ ಕೇಳುವುದಕ್ಕೆ ಇದೂ ಒಂದು ಕಾರಣ.

ಬಟ್ಟೆ ಕತ್ತರಿಸುವುದು ಹಲವರಿಗೆ ಕಸಿವಿಸಿಯ ವಿಷಯ. ಮುರಿದ ಕೈಕಾಲುಗಳಿಂದ ಅಂಗಿ ಪ್ಯಾಂಟು ಎಳೆದು ತೆಗೆಯಲು ಹೋದರೆ ಮೂಳೆಯ ಚೂಪು ತುದಿ ರಕ್ತನಾಳವನ್ನು ಸೀಳಬಹುದು, ಹೀಗಾಗಿ ಕತ್ತರಿಯೇ ಸರಿ. ನಮ್ಮ ಅಡಕೆ ಮರದ ಆಳಿನ ವಿಷಯದಲ್ಲಿ ಇನ್ನೂ ಎರಡು ಮಾತಿವೆ. ಅವನ ಬಟ್ಟೆ ಮಳೆಯಲ್ಲಿ ತೊಯ್ದಿದೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಸ್ರಾವ ಹೆಚ್ಚುತ್ತದೆ, ಅದರಿಂದ ಮೈ ಇನ್ನಷ್ಟು ತಣ್ಣಗಾಗುತ್ತದೆ. ಆದ್ದರಿಂದ ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ನೋಡಬೇಕಾದಷ್ಟನ್ನು ಮಾತ್ರ ತೆರೆದು ಉಳಿದದ್ದಕ್ಕೆ ಕಂಬಳಿ ಹೊದಿಸಬೇಕು, ಡ್ರಿಪ್ಪನ್ನು ಬಿಸಿ ಮಾಡಿ ಕೊಡಬೇಕು. ಫ್ಯಾನ್ ಆರಿಸಿದರೂ ಒಳ್ಳೆಯದೇ. ಎರಡನೆಯದಾಗಿ, ಅವನು ಹೊಡೆಯಲು ಹತ್ತಿದ ಕೊಳೆ ಔಷಧಿಯಾದ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಜೊತೆ ಸುಣ್ಣವಿದೆ. ಬೀಳುವಾಗ ಅದು ಕಣ್ಣಿಗೆ ಸಿಡಿದಿದ್ದರೆ ಕಣ್ಣನ್ನು ತಡಮಾಡದೆ ಸಾಕಷ್ಟು ಸಲೈನಿನಿಂದ ತೊಳೆಯಬೇಕು. ಕಾಲು ಮುರಿದ ಗದ್ದಲದಲ್ಲಿ ಕಣ್ಣು ಕಳೆದುಕೊಳ್ಳುವುದು ಇಂಥ ಕಡೆಯೇ.

ಎರಡನೇ ಸುತ್ತು ಶುರುವಾಗುವುದು

ಮೊದಲ ಸುತ್ತು ಮುಗಿದು, ಕಂಡ ಅಪಾಯಗಳಿಗೆ ಚಿಕಿತ್ಸೆ ಶುರುವಾಗಿ, ನಾಡಿ, ಬಿಪಿ, ಉಸಿರು ಹತೋಟಿಯ ಕಡೆಗೆ ಬರುತ್ತಿವೆ ಎಂದಾಗ ಮಾತ್ರ ಎರಡನೆಯದಕ್ಕೆ ಕೈ ಹಾಕುವುದು. ನಡುವೆ ಸ್ಥಿತಿ ಕೆಟ್ಟರೆ ಎಲ್ಲಿದ್ದರೂ ಬಿಟ್ಟು ಮತ್ತೆ ಎ ಅಕ್ಷರಕ್ಕೆ ಮರಳಬೇಕು. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರ ಕಾಲ್ಬೆರಳು ಎಣಿಸುತ್ತ ಕೂರಲಾಗದು. ಕೆಲವು ಗಾಯಾಳುಗಳು ನೇರವಾಗಿ ಆಪರೇಷನ್ ಥಿಯೇಟರಿಗೆ ಹೋಗಿ, ಈ ಸುತ್ತು ಮರುದಿನ ಐಸಿಯುನಲ್ಲಿ ನಡೆಯುವುದೂ ಉಂಟು.

ಕೈ ಮುಟ್ಟುವ ಮೊದಲು ಕಿವಿಯ ಕೆಲಸವಿದೆ. ಯಾವ ಔಷಧಿ ಆಗಿಬರುವುದಿಲ್ಲ, ದಿನಾ ಏನು ಮಾತ್ರೆ ತಿನ್ನುತ್ತಾರೆ, ಹಳೆಯ ಕಾಯಿಲೆ ಏನಿದೆ, ಹೆಣ್ಣಾದರೆ ಬಸುರಿಯೇ, ಕೊನೆಗೆ ಊಟ ಮಾಡಿದ್ದು ಯಾವಾಗ, ಪೆಟ್ಟಾದದ್ದು ಹೇಗೆ, ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಹೆಚ್ಚಾಗಿ ಜೊತೆಗೆ ಬಂದವರಿಂದ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ಅಜ್ಜನಿಗೆ ತಲೆಯ ಸಣ್ಣ ಪೆಟ್ಟೂ ದೊಡ್ಡದು. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಎಷ್ಟು ರಕ್ತ ಹೋದರೂ ನಾಡಿ ಓಡುವುದಿಲ್ಲ, ಆ ಸುಳಿವೇ ಸಿಗದೆ ಹೋಗುತ್ತದೆ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕಿಳಿಯುವ ಭಯ. ಆದ್ದರಿಂದ ದಾರಿಯಲ್ಲಿ ‘ಗಾಬರಿಯಾಗಿದ್ದಾನೆ, ಒಂದು ಲೋಟ ನೀರು ಕೊಡಿ’ ಎಂದು ಯಾರು ಹೇಳಿದರೂ ಕೊಡಬೇಡಿ. ಪ್ರೀತಿಯಿಂದ ಕೊಟ್ಟ ಆ ನೀರು ಆಪರೇಷನ್ ಟೇಬಲ್ಲಿನ ಮೇಲೆ ತೊಂದರೆ ಮಾಡುತ್ತದೆ. ಮನೆಯಿಂದ ಹೊರಡುವಾಗ ಮಾತ್ರೆಯ ಚೀಟಿಯನ್ನೋ ಖಾಲಿ ಪಟ್ಟಿಯನ್ನೋ ಜೇಬಿಗೆ ಹಾಕಿಕೊಳ್ಳಿ.

ಪೆಟ್ಟಾದದ್ದು ಹೇಗೆ ಎಂಬುದು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಎತ್ತರದಿಂದ ಬಿದ್ದು ಕಾಲೂರಿದವರಲ್ಲಿ ಪೆಟ್ಟು ಹಿಮ್ಮಡಿಯಿಂದ ಮೊಣಕಾಲು, ಸೊಂಟ, ಬೆನ್ನುಮೂಳೆ ಎಂದು ಮೇಲಕ್ಕೇರುತ್ತದೆ. ಹಿಮ್ಮಡಿ ಮೂಳೆ ಮುರಿದವರಲ್ಲಿ ಸುಮಾರು ನೂರಕ್ಕೆ ಹತ್ತು ಜನರ ಬೆನ್ನುಮೂಳೆಯೂ ಸೊಂಟದ ಭಾಗದಲ್ಲಿ ಮುರಿದಿರುತ್ತದೆ. ಕಾರಿನ ಮುಂದಿನ ಸೀಟಿನವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದರೆ ತೊಡೆಯ ಮೂಳೆ ಸೊಂಟದ ಕೀಲಿನಿಂದ ಹಿಂದಕ್ಕೆ ತಪ್ಪುತ್ತದೆ. ಸೈಕಲ್ಲಿನಿಂದ ಬಿದ್ದ ಮಗುವಿನ ಹೊಟ್ಟೆಯಲ್ಲಿ ಹ್ಯಾಂಡಲಿನ ದುಂಡನೆ ಗುರುತು ಬಿಟ್ಟರೆ ಬೇರೇನೂ ಕಾಣದಿರಬಹುದು, ಒಳಗೆ ಮೇದೋಜೀರಕ ಗ್ರಂಥಿಯೋ ಕರುಳೋ ಜಜ್ಜಿಹೋಗಿರಬಹುದು. ಹಾವೇರಿ, ಶಿವಮೊಗ್ಗದ ಕಡೆ ಹೋರಿ ಹಬ್ಬದಲ್ಲಿ ತಿವಿಸಿಕೊಂಡು ಬಂದವರ ಗಾಯದ ಬಾಯಿ ಚಿಕ್ಕದಿದ್ದು ಕೊಂಬು ಒಳಗೆ ಬಹುದೂರ ಹೋಗಿರುತ್ತದೆ. ಅಂಥ ಗಾಯದ ಆಳವನ್ನು ಕ್ಯಾಶುಯಾಲ್ಟಿಯಲ್ಲಿ ಬೆರಳು ಹಾಕಿ ಅಳೆಯಲೇಬಾರದು.

ತಲೆ, ಮುಖ, ಕತ್ತು

ಪರೀಕ್ಷೆ ಕೂದಲಿನಿಂದ ಶುರು. ದಟ್ಟ ಕೂದಲು, ತುರುಬು, ರಕ್ತ ಹೆಪ್ಪುಗಟ್ಟಿದ ಜಡೆ, ಇವುಗಳ ಕೆಳಗೆ ನಾಲ್ಕಿಂಚಿನ ಸೀಳು ಅಡಗಿರುತ್ತದೆ. ಗವಸು ಹಾಕಿದ ಬೆರಳುಗಳನ್ನು ತಲೆಯ ಚರ್ಮದ ಮೇಲೆ ಸಾಲುಸಾಲಾಗಿ ಹಾಯಿಸುತ್ತಾರೆ, ತಗ್ಗು ಇದೆಯೇ, ಮೂಳೆ ಜರುಗುತ್ತದೆಯೇ ಎಂದು. ದಿಂಬಿಗೆ ಒರಗಿದ ಹಿಂದಲೆಯ ಗಾಯವೇ ಹೆಚ್ಚು ತಪ್ಪಿಹೋಗುವಂಥದ್ದು. ನೆತ್ತಿಯ ಚರ್ಮ ಧಾರಾಳವಾಗಿ ರಕ್ತ ಸುರಿಸುತ್ತದೆ, ಮಕ್ಕಳಾದರೆ ಅಷ್ಟರಿಂದಲೇ ಶಾಕ್‌ಗೆ ಹೋಗಬಹುದು. ಹೆಲ್ಮೆಟ್ ಇದ್ದರೆ ಒಬ್ಬರು ಕೆಳಗಿನಿಂದ ಕತ್ತು ದವಡೆ ಹಿಡಿದು, ಇನ್ನೊಬ್ಬರು ಅಗಲಿಸಿ ಮೆಲ್ಲಗೆ ಎಳೆಯಬೇಕು. ಒಬ್ಬರೇ ಮಾಡುವ ಕೆಲಸ ಇದಲ್ಲ.

ಕಣ್ಣನ್ನು ಬೇಗ ನೋಡಬೇಕು. ಅರ್ಧ ಗಂಟೆ ತಡವಾದರೆ ರೆಪ್ಪೆ ಊದಿಕೊಂಡು ತೆರೆಯುವುದೇ ಇಲ್ಲ. ಎರಡೂ ಕಣ್ಣಿನ ಪಾಪೆ ಒಂದೇ ಅಳತೆಯವೇ, ಟಾರ್ಚ್ ಬಿಟ್ಟಾಗ ಕಿರಿದಾಗುತ್ತವೆಯೇ? ಪ್ರಜ್ಞೆ ಕುಂದುತ್ತಿರುವವರ ಒಂದು ಪಾಪೆ ಅಗಲವಾಗಿ ಬೆಳಕಿಗೆ ಜಗ್ಗದಿದ್ದರೆ, ಹೆಚ್ಚಾಗಿ ಅದೇ ಪಕ್ಕದಲ್ಲಿ ರಕ್ತ ಸೇರಿ ಮೆದುಳನ್ನು ಅದುಮುತ್ತಿದೆ ಎಂದರ್ಥ, ನಿಮಿಷಗಳ ಲೆಕ್ಕ ಶುರುವಾಯಿತು. ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಕಿವಿಯ ಹಿಂದೆ ನೀಲಿಗಟ್ಟುವುದು, ಮೂಗು ಕಿವಿಗಳಿಂದ ತಿಳಿನೀರು ಬರುವುದು, ಇವು ತಲೆಬುರುಡೆಯ ತಳ ಬಿರುಕು ಬಿಟ್ಟ ಗುರುತು. ಮೊದಲೆರಡು ಕೆಲವು ಗಂಟೆಗಳ ಮೇಲೆ ಕಾಣುವಂಥವು, ಬಂದ ಕೂಡಲೇ ಇಲ್ಲವೆಂದರೆ ಇಲ್ಲವೆಂದಲ್ಲ. ಇಂಥ ಸಂಶಯವಿದ್ದಾಗ ಹೊಟ್ಟೆಗೆ ಹಾಕುವ ನಳಿಕೆಯನ್ನು ಮೂಗಿನಿಂದ ತೂರಿಸಬಾರದು, ಬಿರುಕಿನ ಮೂಲಕ ಅದು ಮೆದುಳಿನ ಕಡೆ ಹೋಗಬಹುದು. ಬಾಯಿಯಿಂದ ಹಾಕುತ್ತಾರೆ.

ಪ್ರಜ್ಞೆಯ ಮಟ್ಟವನ್ನು ಅಂಕಿಯಲ್ಲಿ ಬರೆಯುತ್ತಾರೆ. ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಕೊಟ್ಟ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಕನಿಷ್ಠ 3. 8 ಅಥವಾ ಅದಕ್ಕಿಂತ ಕೆಳಗಿದ್ದರೆ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇಲ್ಲವೆಂದು ನಳಿಕೆ ಹಾಕಲು ಸಿದ್ಧರಾಗುತ್ತಾರೆ. ಒಂದು ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಪ್ರಜ್ಞೆ ತಪ್ಪಿ, ಎದ್ದು, ಚೆನ್ನಾಗಿ ಮಾತಾಡಿ, ಎರಡು ಮೂರು ಗಂಟೆಯ ಮೇಲೆ ತೂಕಡಿಸಲು ಶುರುಮಾಡುವವರಿದ್ದಾರೆ. ಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ ತುಂಬುತ್ತಿರುತ್ತದೆ. ‘ಸುಸ್ತಾಗಿದೆ, ಮಲಗಲಿ ಬಿಡಿ’ ಎಂದು ಮನೆಯವರು ಹೊದಿಸಿ ಮಲಗಿಸುವುದು ಆ ಹೊತ್ತಿನಲ್ಲೇ. ಬಾಯಿಂದ ಸಾರಾಯಿ ವಾಸನೆ ಬರುತ್ತಿದೆ ಎಂಬ ಕಾರಣಕ್ಕೆ ಮಂಪರನ್ನು ಕುಡಿತದ ತಲೆಗೆ ಕಟ್ಟುವುದು ಇನ್ನೊಂದು ದೊಡ್ಡ ಅನ್ಯಾಯ. ಕುಡಿದವರೂ ತಲೆ ಒಡೆದುಕೊಳ್ಳುತ್ತಾರೆ. ರಕ್ತದ ಸಕ್ಕರೆ ನೋಡಿ, ತಲೆಯ ಸ್ಕ್ಯಾನ್ ಮಾಡಿಸಿ, ಮೆದುಳು ಸರಿಯಿದೆ ಎಂದು ಗೊತ್ತಾದ ಮೇಲಷ್ಟೇ ಆ ಮಾತಾಡಬೇಕು.

ಮುಖದಲ್ಲಿ ದವಡೆ, ಕೆನ್ನೆಮೂಳೆ ಹಿಡಿದು ನೋಡುತ್ತಾರೆ, ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಬಿದ್ದ ಹಲ್ಲು ಕೈಗೆ ಸಿಗದಿದ್ದರೆ ಅದು ಶ್ವಾಸಕೋಶದಲ್ಲಿರಬಹುದು, ಎದೆಯ ಎಕ್ಸ್‌ರೇಯಲ್ಲಿ ಹುಡುಕಬೇಕು.

ಅಲುಗದಿರಲೆಂದು ಕತ್ತಿಗೆ ಹಾಕಿದ ಕಾಲರ್ ಅನೇಕ ಸಲ ಕತ್ತಿನ ಗಾಯವನ್ನೇ ಮುಚ್ಚಿಬಿಡುತ್ತದೆ. ಒಬ್ಬರು ತಲೆ ಹಿಡಿದುಕೊಂಡು ಮುಂಭಾಗ ಬಿಚ್ಚಿ ನೋಡಬೇಕು. ಶ್ವಾಸನಾಳ ನಡುವೆ ಇದೆಯೇ, ಕತ್ತಿನ ನರ ಉಬ್ಬಿದೆಯೇ, ಸೀಟ್ ಬೆಲ್ಟಿನ ಗೀರಿದೆಯೇ, ಬೈಕಿನ ಚಕ್ರಕ್ಕೆ ಸಿಕ್ಕಿದ ದುಪಟ್ಟಾದ ಬಿಗಿತದ ಗುರುತಿದೆಯೇ? ಚರ್ಮ ಒತ್ತಿದಾಗ ಹಪ್ಪಳ ಮುರಿದಂತೆ ಪಟಪಟ ಎಂದರೆ ಚರ್ಮದಡಿ ಗಾಳಿ ಸೇರಿದೆ, ಎಲ್ಲೋ ಉಸಿರಿನ ದಾರಿ ಹರಿದಿದೆ. ಹಿಂಬದಿಯಲ್ಲಿ ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಗಾಯಾಳು ಪೂರ್ತಿ ಎಚ್ಚರದಲ್ಲಿದ್ದು, ಕುಡಿದಿರದೆ, ಕತ್ತಿನ ನಡುಮೂಳೆ ನೋಯದೆ, ಕೈಕಾಲಿನ ಬಲ ಮತ್ತು ಸ್ಪರ್ಶ ಸರಿಯಿದ್ದು, ಗಮನ ಸೆಳೆಯುವ ಬೇರೆ ದೊಡ್ಡ ಗಾಯ ಇಲ್ಲದಿದ್ದರೆ ಮಾತ್ರ ಎಕ್ಸ್‌ರೇ, ಸ್ಕ್ಯಾನ್ ಇಲ್ಲದೆ ಕಾಲರ್ ತೆಗೆಯಬಹುದು. ನಮ್ಮ ಅಡಕೆ ಮರದವನಿಗೆ ಕೊನೆಯ ಷರತ್ತೇ ಅಡ್ಡಿ.

ಎದೆ, ಹೊಟ್ಟೆ, ಸೊಂಟ

ಎದೆಯನ್ನು ಮೊದಲು ಸುಮ್ಮನೆ ನೋಡಬೇಕು. ಉಸಿರೆಳೆದಾಗ ಎರಡೂ ಪಕ್ಕ ಸಮವಾಗಿ ಏಳುತ್ತವೆಯೇ, ಯಾವುದಾದರೂ ಭಾಗ ತಿರುಗುಮುರುಗಾಗಿ ಒಳಕ್ಕೆ ಹೋಗುತ್ತದೆಯೇ? ಹಲವು ಪಕ್ಕೆಲುಬು ಎರಡೆರಡು ಕಡೆ ಮುರಿದಾಗ ಹಾಗಾಗುತ್ತದೆ. ಆಮೇಲೆ ಕೊರಳೆಲುಬು, ಎದೆಮೂಳೆ, ಪಕ್ಕೆಲುಬುಗಳನ್ನು ಒತ್ತಿ, ಕಂಕುಳಿನವರೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಒಂದು ಪಕ್ಕ ಉಸಿರಿನ ಸದ್ದೇ ಇಲ್ಲದೆ, ಬಿಪಿ ಕುಸಿಯುತ್ತಿದ್ದರೆ ಎಕ್ಸ್‌ರೇಗೆ ಕಾಯುವ ಹೊತ್ತಲ್ಲ ಅದು. ಎದೆಯ ಗೂಡಿಗೆ ರಂಧ್ರ ಮಾಡಿ ಸಿಕ್ಕಿಕೊಂಡ ಗಾಳಿಯನ್ನು ಆಗಲೇ ಹೊರಬಿಡಬೇಕು. ಮಕ್ಕಳ ಪಕ್ಕೆಲುಬು ಬಳುಕುವುದರಿಂದ ಅದು ಮುರಿಯದೆಯೂ ಒಳಗಿನ ಶ್ವಾಸಕೋಶ ಜಜ್ಜಿರುತ್ತದೆ.

ಎಡಗಡೆಯ ಕೆಳಪಕ್ಕೆ ಮುರಿದರೆ ಗುಲ್ಮವನ್ನೂ ಬಲಗಡೆ ಮುರಿದರೆ ಲಿವರನ್ನೂ ಸಂಶಯಿಸಬೇಕು. ಮೆತ್ತಗಿರುವ ಹೊಟ್ಟೆಯನ್ನು ಒಮ್ಮೆ ಒತ್ತಿ ‘ಏನಿಲ್ಲ’ ಎಂದು ಬರೆದು ಮುಗಿಸುವುದು ಅಪಾಯಕಾರಿ ಅಭ್ಯಾಸ. ಹೊಟ್ಟೆಯೊಳಗೆ ಬಿದ್ದ ಹೊಸ ರಕ್ತ ಕೂಡಲೇ ನೋವು, ಬಿಗಿತ ತರಲೇಬೇಕೆಂದಿಲ್ಲ. ಕರುಳಿನ ಸಣ್ಣ ತೂತು ಗಂಟೆಗಳ ಮೇಲೆ ಬಯಲಾಗುತ್ತದೆ. ಹಾಸಿಗೆಯ ಪಕ್ಕದಲ್ಲೇ ಮಾಡುವ ಫಾಸ್ಟ್ ಎಂಬ ಅಲ್ಟ್ರಾಸೌಂಡ್ ಹೃದಯದ ಸುತ್ತ, ಲಿವರಿನ ಬಳಿ, ಗುಲ್ಮದ ಬಳಿ, ಕೆಳಹೊಟ್ಟೆಯಲ್ಲಿ ರಕ್ತ ಸೇರಿದೆಯೇ ಎಂದು ತೋರಿಸುತ್ತದೆ. ಆದರೆ ಹರಿದ ಕರುಳನ್ನೂ ಹೊಟ್ಟೆಯ ಹಿಂಬದಿಯ ರಕ್ತವನ್ನೂ ಅದು ಕಾಣಿಸದಿರಬಹುದು. ಆದ್ದರಿಂದ ಸಾಧ್ಯವಿದ್ದರೆ ಅದೇ ಕೈ, ಅದೇ ವೈದ್ಯರು, ಮತ್ತೆಮತ್ತೆ ಹೊಟ್ಟೆ ಮುಟ್ಟಿ ನೋಡಬೇಕು. ಇಪ್ಪತ್ತು ವಾರ ದಾಟಿದ ಬಸುರಿಯನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಅದುಮಿ ಬಿಪಿ ಬೀಳುತ್ತದೆ, ಎಡಕ್ಕೆ ವಾಲಿಸಬೇಕು.

ಸೊಂಟದ ಗೂಡನ್ನು ಒಂದೇ ಸಲ, ಮೆಲ್ಲಗೆ ಒತ್ತಿ ನೋಡಬೇಕು. ಒಬ್ಬರಾದ ಮೇಲೆ ಒಬ್ಬರು ಬಂದು ಅಲುಗಿಸಿದರೆ ಕಟ್ಟಿಕೊಂಡ ಹೆಪ್ಪು ಬಿಟ್ಟು ಮತ್ತೆ ಸೋರುತ್ತದೆ. ಸಂಶಯವಿದ್ದರೆ ಒತ್ತುವುದನ್ನೂ ಬಿಟ್ಟು ಸೊಂಟದ ಗೂಡನ್ನು ಹಿಡಿದಿಡುವ ಬೈಂಡರ್ ಎಂಬ ಪಟ್ಟಿ ಬಿಗಿಯುವುದು ಲೇಸು. ಬೈಂಡರ್ ಇಲ್ಲದ ಆಸ್ಪತ್ರೆಯಲ್ಲಿ ಮಡಿಚಿದ ಬೆಡ್‌ಶೀಟೇ ಸಾಕು. ತಪ್ಪುವುದು ಜಾಗದಲ್ಲಿ. ಪ್ಯಾಂಟಿನ ಬೆಲ್ಟು ಕೂರುವ ಕಡೆ ಕಟ್ಟಿದರೆ ಪ್ರಯೋಜನವಿಲ್ಲ, ಇನ್ನೂ ಕೆಳಗೆ, ತೊಡೆಯ ಮೇಲ್ತುದಿಯಲ್ಲಿ ಪಕ್ಕಕ್ಕೆ ಎದ್ದು ಕಾಣುವ ಮೂಳೆಯ ಮಟ್ಟದಲ್ಲಿ ಸುತ್ತಿ ಬಿಗಿಯಬೇಕು. ಮೂತ್ರದ್ವಾರದಲ್ಲಿ ರಕ್ತದ ಹನಿ ಕಂಡರೆ ಮೂತ್ರನಾಳ ಹರಿದಿರಬಹುದು, ಪರೀಕ್ಷಿಸದೆ ಕ್ಯಾಥಿಟರ್ ತೂರಿಸಬಾರದು. ಗುಪ್ತಾಂಗಗಳನ್ನು ನೋಡುವಾಗ ಪರದೆ ಎಳೆದು, ಏಕೆ ನೋಡುತ್ತಿದ್ದೇವೆಂದು ಹೇಳಿ, ಹೆಣ್ಣುಮಕ್ಕಳಾದರೆ ಸಿಸ್ಟರ್ ಜೊತೆಗಿದ್ದು ನೋಡಬೇಕು. ಸಂಕೋಚದಿಂದ ಬಿಟ್ಟುಬಿಡುವುದೂ ತಪ್ಪು, ಹತ್ತು ಜನರೆದುರು ತೆರೆದಿಡುವುದೂ ತಪ್ಪು.

ಬೆನ್ನು

ಮೈಯ ಅರ್ಧಭಾಗ ಬೆನ್ನಿನ ಕಡೆಯೇ ಇದೆ. ಕೆಲಸದ ಒತ್ತಡದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಭಾಗವೂ ಅದೇ. ತಿರುಗಿಸಲು ಕನಿಷ್ಠ ನಾಲ್ವರು ಬೇಕು, ನೋಡಲು ಮತ್ತೊಬ್ಬರು. ತಲೆ ಹಿಡಿದವರೇ ಯಜಮಾನರು, ಅವರು ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ತಿರುಗಿಸಬೇಕು, ತಲೆ ಭುಜ ಸೊಂಟ ಒಂದೇ ಗೆರೆಯಲ್ಲಿರಬೇಕು. ನಮ್ಮ ಗಾಯಾಳುವಿನ ಬೆನ್ನ ಮೇಲೆ ಬೆರಳು ಇಳಿಸುತ್ತ ಬಂದಾಗ, ಎದೆಯ ಬೆನ್ನುಮೂಳೆ ಮುಗಿದು ಸೊಂಟದ್ದು ಶುರುವಾಗುವ ಕಡೆ ಅವನು ಬೆಚ್ಚುತ್ತಾನೆ. ಎತ್ತರದಿಂದ ಬಿದ್ದವರ ಬೆನ್ನು ಸಾಮಾನ್ಯವಾಗಿ ಒಡೆಯುವುದು ಅಲ್ಲಿಯೇ. ಈವರೆಗೆ ಅವನು ಬೆನ್ನಿನ ಸುದ್ದಿಯನ್ನೇ ಎತ್ತಿರಲಿಲ್ಲ. ಗುದದ್ವಾರದ ಬಿಗಿತ, ಪಾದದ ಸ್ಪರ್ಶ, ಹೆಬ್ಬೆರಳು ಮೇಲೆತ್ತುವ ಬಲ, ಇವುಗಳನ್ನು ನೋಡಿ ಸಮಯ ಸಹಿತ ಬರೆದಿಡುತ್ತಾರೆ, ಮುಂದೆ ಕೆಡುತ್ತಿದೆಯೇ ಎಂದು ಹೋಲಿಸಲು. ಸೊಂಟದ ಗೂಡು ಮುರಿದ ಸಂಶಯವಿದ್ದವರನ್ನು ಹೀಗೆ ತಿರುಗಿಸುವುದನ್ನು ಆದಷ್ಟು ಕಡಿಮೆ ಮಾಡಬೇಕು. ಗಟ್ಟಿ ಹಲಗೆ ಇರುವುದು ಸಾಗಿಸುವುದಕ್ಕೆ, ಮಲಗಿಸುವುದಕ್ಕಲ್ಲ. ಅದರ ಮೇಲೆ ಗಂಟೆಗಟ್ಟಲೆ ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ.

ಇಂಥವನನ್ನು ತೋಟದಿಂದ ಕೈಕಾಲು ಹಿಡಿದು ತೂಗಿಕೊಂಡು ತಂದು, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದರೆ ಏನಾಗಬಹುದೆಂದು ಊಹಿಸಿ. ಅವನನ್ನು ನೇರವಾಗಿ ಮಲಗಿಸಿ, ತಲೆ ಅಲುಗದಂತೆ ಹಿಡಿದು, 108 ಆಂಬುಲೆನ್ಸಿಗೆ ಕರೆ ಮಾಡುವುದು ಒಳ್ಳೆಯದು. 2008ರ ನವೆಂಬರ್‌ನಿಂದ ಈ ಸೇವೆ ನಮ್ಮ ರಾಜ್ಯದಲ್ಲಿದೆ. ಗಾಡಿ ಬರುವಂತಿಲ್ಲದ ತೋಟವಾದರೆ ಬಾಗಿಲ ಹಲಗೆಯೋ ಏಣಿಯ ಮೇಲೆ ಕಂಬಳಿಯೋ ಆದೀತು, ಆದರೆ ಬೆನ್ನು ಬಾಗಬಾರದು.

ಕೈಕಾಲು

ಕೊನೆಗೆ ಆ ಕಾಲಿಗೆ ಸರದಿ. ಚರ್ಮ ಸೀಳಿದ ಮುರಿತಕ್ಕೆ ಆಂಟಿಬಯಾಟಿಕ್ ಬೇಗ, ಆದಷ್ಟು ಮೊದಲ ಗಂಟೆಯಲ್ಲೇ ಹೋಗಬೇಕು. ಟಿಟನಸ್ ಇಂಜೆಕ್ಷನ್ ಬೇಕು. ಕಸಕಡ್ಡಿ ತೆಗೆದು, ಒಂದು ಫೋಟೊ ತೆಗೆದುಕೊಂಡು, ಸಲೈನಿನಲ್ಲಿ ತೊಯ್ದ ಗಾಜ್ ಬಟ್ಟೆಯಿಂದ ಮುಚ್ಚಿ, ಸ್ಪ್ಲಿಂಟ್ ಕಟ್ಟುತ್ತಾರೆ. ಬಂದವರೆಲ್ಲ ಗಾಯ ಬಿಚ್ಚಿ ನೋಡಬಾರದೆಂದೇ ಆ ಫೋಟೊ. ಕಟ್ಟುವ ಮೊದಲೂ ಕಟ್ಟಿದ ಮೇಲೂ ಪಾದದ ನಾಡಿ, ಬೆರಳುಗಳ ಚಲನೆ, ಸ್ಪರ್ಶ ನೋಡಬೇಕು. ಕಾಲಿಗೆ ಹಾಕಿದ ಹಗ್ಗದ ತಳೆ, ಕಾಲುಂಗುರ, ಬೆರಳಿನ ಉಂಗುರ, ಸೊಂಟದ ಉಡಿದಾರ, ಇವನ್ನು ಊತ ಏರುವ ಮೊದಲೇ ತೆಗೆಯಬೇಕು.

ಇಲ್ಲಿ ಕಾಯುವ ಇನ್ನೊಂದು ಅಪಾಯ ಮೀನಖಂಡದೊಳಗಿನ ಒತ್ತಡ. ಸ್ನಾಯು ಊದಿ, ಅದನ್ನು ಸುತ್ತಿದ ಗಟ್ಟಿ ಪೊರೆ ಹಿಗ್ಗದೆ, ಒಳಗೆ ರಕ್ತ ಹರಿಯದಂತಾಗುತ್ತದೆ. ಗಾಯಕ್ಕೆ ಮೀರಿದ ನೋವು, ಕಾಲ್ಬೆರಳನ್ನು ಮೆಲ್ಲಗೆ ಎಳೆದರೂ ಚೀರುವುದು ಇದರ ಗುರುತು. ಪಾದದ ನಾಡಿ ಸಿಗುತ್ತಿದೆ ಎಂದು ನಿಶ್ಚಿಂತರಾಗುವಂತಿಲ್ಲ, ಅದು ನಿಲ್ಲುವುದು ತೀರ ಕೊನೆಗೆ. ಕೆಲವೇ ಗಂಟೆಗಳಲ್ಲಿ ಪೊರೆ ಸೀಳಿ ಒತ್ತಡ ಇಳಿಸದಿದ್ದರೆ ಸ್ನಾಯು ಸಾಯುತ್ತದೆ. ‘ನೋವು ತಡೆಯೋಕಾಗ್ತಿಲ್ಲ’ ಎಂದು ಪಟ್ಟಿ ಕಟ್ಟಿದ ಕಾಲಿನವರು ರಾತ್ರಿ ಕೂಗಿದರೆ ಅದನ್ನು ಹಟವೆಂದು ತಿಳಿಯಬಾರದು.

ಮುರಿದ ತೊಡೆ ಒಂದೂವರೆ ಲೀಟರಿನವರೆಗೆ ರಕ್ತ ನುಂಗಬಲ್ಲದು, ಹೊರಗೆ ಒಂದು ಹನಿ ಕಾಣದೆ. ಮೊಣಕಾಲು ಕೀಲು ತಪ್ಪಿ ತಾನೇ ಕೂತುಬಿಟ್ಟಿದ್ದರೂ ಹಿಂದಿನ ರಕ್ತನಾಳ ಹರಿದಿರಬಹುದು. ಕೈಯನ್ನು ಬೆರಳು ಬೆರಳಾಗಿ, ಮಣಿಕಟ್ಟನ್ನು ಹೆಬ್ಬೆರಳ ಬುಡದವರೆಗೆ ಒತ್ತಬೇಕು. ಎರಡು ಹಿಮ್ಮಡಿಗಳನ್ನೂ ಹಿಂಡಬೇಕು. ಬಲಗಾಲು ಮುರಿದವನ ಎಡ ಹಿಮ್ಮಡಿಯನ್ನು ಯಾರೂ ಮುಟ್ಟದೆ ಬಿಟ್ಟರೆ, ಎದ್ದು ನಡೆಯಬೇಕಾದ ದಿನವೇ ಅದು ಗೊತ್ತಾಗುವುದು.

ಕಳಿಸುವಾಗ, ಮರುದಿನ

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್, ಶಸ್ತ್ರಚಿಕಿತ್ಸಕರು ಇಲ್ಲದಿದ್ದರೆ, ದೊಡ್ಡ ಆಸ್ಪತ್ರೆ ಬೇಕೆಂದು ಮೊದಲ ಸುತ್ತಿನಲ್ಲೇ ಗೊತ್ತಾದವರನ್ನು ಎರಡನೇ ಸುತ್ತು ಪೂರ್ತಿಯಾಗಲಿ ಎಂದು ಕಾಯಿಸಬಾರದು. ಕಳಿಸುವ ಚೀಟಿಯಲ್ಲಿ ಪೆಟ್ಟಾದ ಸಮಯ, ಕಂಡದ್ದು, ಕೊಟ್ಟ ಔಷಧಿ, ಪ್ರಜ್ಞೆಯ ಅಂಕಿ ಮತ್ತು ಪಾಪೆಯ ಅಳತೆ ಎಷ್ಟು ಗಂಟೆಗೆ ಎಷ್ಟಿತ್ತು ಎಂಬುದಿರಬೇಕು. ಯಾವ ಭಾಗ ಇನ್ನೂ ನೋಡಿಲ್ಲ ಎಂಬುದನ್ನೂ ಬರೆಯಬೇಕು. ಮುಂದಿನವರು ‘ಬೆನ್ನು ನೋಡಿರಬಹುದು’ ಎಂದುಕೊಳ್ಳುವುದನ್ನು ತಪ್ಪಿಸುವ ಸಾಲು ಅದು. ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಅದಕ್ಕಾಗಿ ಚಿಕಿತ್ಸೆ ಕಾಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಸ್ತೆ ಅಪಘಾತದವರನ್ನು ಸದ್ಭಾವನೆಯಿಂದ ತಂದು ಸೇರಿಸಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಎರಡು ಸುತ್ತಿನ ಮೇಲೂ ಗಾಯಗಳು ತಪ್ಪಿಹೋಗುತ್ತವೆ, ಒಳ್ಳೆಯ ಆಸ್ಪತ್ರೆಗಳಲ್ಲೂ. 1990ರಲ್ಲಿ ಅಮೆರಿಕದ ಬ್ಲೇನ್ ಎಂಡರ್ಸನ್ ಮತ್ತು ಸಂಗಡಿಗರು ಇದನ್ನು ಲೆಕ್ಕಹಾಕಿ ಮೂರನೇ ಸುತ್ತಿನ ಅಗತ್ಯವನ್ನು ತೋರಿಸಿದರು. ಸುಮಾರು 24 ಗಂಟೆಯೊಳಗೆ, ನೋವು ತಗ್ಗಿ ಗಾಯಾಳು ಮಾತಿಗೆ ಸಿಕ್ಕಾಗ, ಮತ್ತೆ ಕೂದಲಿನಿಂದ ಶುರುಮಾಡಿ ಪಾದದವರೆಗೆ ನೋಡುತ್ತಾರೆ, ಎಲ್ಲ ಎಕ್ಸ್‌ರೇ ಸ್ಕ್ಯಾನ್‌ಗಳನ್ನು ಇನ್ನೊಮ್ಮೆ ಓದುತ್ತಾರೆ. ಹೆಚ್ಚಾಗಿ ಸಿಗುವುದು ಕೈ, ಮಣಿಕಟ್ಟು, ಪಾದದ ಸಣ್ಣ ಮುರಿತಗಳು. ಪ್ರಜ್ಞೆ ಇಲ್ಲದೆ ಐಸಿಯುನಲ್ಲಿದ್ದವರಿಗೆ ಎಚ್ಚರವಾದ ಮೇಲೆ, ಎದ್ದು ನಡೆಯಲು ಶುರುಮಾಡಿದ ಮೇಲೆ, ಇದನ್ನು ಮತ್ತೆ ಮಾಡಬೇಕು. ಈ ಹಂತದಲ್ಲಿ ಹಾಸಿಗೆಯ ಪಕ್ಕ ಹಗಲು ರಾತ್ರಿ ಕೂತಿರುವವರು ಮನೆಯವರೇ. ಲೋಟ ಹಿಡಿಯುವಾಗ ಮಣಿಕಟ್ಟು ನೋಯುತ್ತದೆ, ಊಟ ಅಗಿಯುವಾಗ ದವಡೆ ಸರಿಯಾಗಿ ಕೂರುತ್ತಿಲ್ಲ, ಒಂದು ಕಣ್ಣಿಗೆ ಎರಡೆರಡು ಕಾಣುತ್ತಿದೆ ಎಂದು ಗಾಯಾಳು ಅಂದರೆ, ಅದನ್ನು ರೌಂಡ್ಸ್‌ಗೆ ಬರುವ ವೈದ್ಯರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ.